ಆರ್ಟ್ ಸಿನಿಮಾ ನಿಜವಾಗ್ಲೂ ಇಷ್ಟಪಟ್ಟು ನೋಡ್ತೀರಾ, ಇಲ್ಲ ಲಿಸ್ಟಿಗೆ ಇರ್ಲಿ ಅಂತ ಹಾಕ್ತೀರಾ?

ಪ್ರಶ್ನೆ: ಸರ್, ನಂಗೆ 26 ವರ್ಷ, ಬೆಂಗಳೂರಲ್ಲಿ ಐಟಿ ಕೆಲಸ, ಸಿನಿಮಾ ಹುಚ್ಚು ಜಾಸ್ತಿ. ನಿಮ್ಮ ಆಲ್‌ಟೈಮ್ ಫೇವರಿಟ್ ಸಿನಿಮಾಗಳು ಯಾವುವು, ಅದ್ರಲ್ಲೂ ಕನ್ನಡದಲ್ಲಿ? ಯಾರನ್ನ ಕೇಳಿದ್ರೂ ಒಂದು ಕಡೆ ಅಣ್ಣಾವ್ರು, ಪುಟ್ಟಣ್ಣ ಅಂತಾರೆ, ಇನ್ನೊಂದು ಕಡೆ ಸಂಸ್ಕಾರ, ಘಟಶ್ರಾದ್ಧ ಅಂತಾರೆ. ಎರಡನೇ ಥರದ್ದು ಶುರು ಮಾಡ್ತೀನಿ, ಅರ್ಧಕ್ಕೆ ನಿಲ್ಲಿಸ್ತೀನಿ, ತುಂಬಾ ಸ್ಲೋ ಅನ್ಸುತ್ತೆ. ನೀವು ಎಡಿಟಿಂಗ್ ಕೆಲಸದಲ್ಲಿರೋರು, ನೇರವಾಗಿ ಹೇಳಿ. ಅಂಥ ಸಿನಿಮಾಗಳನ್ನ ನಿಜವಾಗ್ಲೂ ಇಷ್ಟಪಟ್ಟು ನೋಡ್ತೀರಾ? ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಇಷ್ಟಪಟ್ಟೇ ನೋಡ್ತೀನಿ. ಅಣ್ಣಾವ್ರ ಸಿನಿಮಾ, ಪುಟ್ಟಣ್ಣನ ಸಿನಿಮಾ ಕೂಡ ಅಷ್ಟೇ ಇಷ್ಟಪಟ್ಟು ನೋಡ್ತೀನಿ. ನಿಮ್ಮ ಪ್ರಶ್ನೇಲಿ "ಒಂದು ಕಡೆ, ಇನ್ನೊಂದು ಕಡೆ" ಅಂತ ಇದ್ಯಲ್ಲ, ನನ್ನ ತಕರಾರು ಇರೋದೇ ಅಲ್ಲಿ. ಆ ಮಧ್ಯದ ಗೋಡೆನ ಪೇಪರ್‌ನೋರು, ಅವಾರ್ಡ್ ಕಮಿಟಿಗಳು, ಹಂಚಿಕೆದಾರರು ಎಲ್ಲ ಸೇರಿ ಕಟ್ಟಿದ್ದು, ಸಿನಿಮಾ ಮಾಡಿದೋರು ಕಟ್ಟಿದ್ದಲ್ಲ. ನನ್ನ ಫೇವರಿಟ್‌ಗಳು ಆ ಗೋಡೆಯ ಎರಡೂ ಕಡೆ ಇವೆ, ಮತ್ತೆ ಒಂದೇ ಪ್ರಶ್ನೆನ ಎರಡೂ ಕಡೆಯಿಂದ ಕೇಳ್ತವೆ, ಅದೇ ನಂಗೆ ಕನ್ನಡ ಸಿನಿಮಾದ ಮೇಲೆ ಇಷ್ಟು ಪ್ರೀತಿ ಇರೋದಕ್ಕೆ ಕಾರಣ.

ಮೊದ್ಲು ಫೇವರಿಟ್ ಅಂದ್ರೆ ಏನು ಅಂತ ನನ್ನ ಲೆಕ್ಕ ಹೇಳಿಬಿಡ್ತೀನಿ. ಎಡಿಟಿಂಗ್ ಟೇಬಲ್ ಮುಂದೆ ದಿನಾ ಕೂರೋನಿಗೆ ಸಿನಿಮಾ ನೋಡ್ವಾಗಲೂ ಕೆಲಸದ ಕಣ್ಣು ಮುಚ್ಚಲ್ಲ, ಇಲ್ಲಿ ಕಟ್ ಲೇಟಾಯ್ತು, ಇಲ್ಲಿ ಡಬ್ಬಿಂಗ್ ತುಟಿಗೆ ಕೂತಿಲ್ಲ, ಈ ಶಾಟ್ ಬೇರೆ ದಿನ ತೆಗ್ದಿದಾರೆ ಅಂತ ಒಳಗೆ ನಡೀತಾನೇ ಇರುತ್ತೆ. ಯಾವ ಸಿನಿಮಾದಲ್ಲಿ ಕಥೆ ಪೂರ್ತಿ ಗೊತ್ತಿದ್ರೂ ಒಂದು ಜಾಗ ಬಂದಾಗ ಆ ಲೆಕ್ಕಾಚಾರ ತಾನಾಗೇ ನಿಂತು ನಾನು ಬರೀ ಪ್ರೇಕ್ಷಕ ಆಗಿಬಿಡ್ತೀನೋ ಅದು ನನ್ನ ಫೇವರಿಟ್, ಅಷ್ಟೇ. ಇತಿಹಾಸದಲ್ಲಿ ಅದಕ್ಕೆ ಎಷ್ಟು ಮಾರ್ಕ್ಸ್ ಅನ್ನೋದು ಬೇರೆ ವಿಷಯ. ಅದಕ್ಕೇ ನಂಬರ್ 1, ನಂಬರ್ 2 ಅಂತ ಹಾಕಲ್ಲ.

ಶುರು ಮಾಡೋಕೆ ಒಂದೇ ಹೆಸರು ಹೇಳಿ ಅಂದ್ರೆ ಭೂತಯ್ಯನ ಮಗ ಅಯ್ಯು. 1974, ಸಿದ್ದಲಿಂಗಯ್ಯ ಡೈರೆಕ್ಷನ್, ಗೊರೂರು ರಾಮಸ್ವಾಮಿ ಅಯ್ಯಂಗಾರ್ರ ಕಥೆ. ಭೂತಯ್ಯ ಸಾಲ ಕೊಟ್ಟು ಊರನ್ನೇ ಹಿಂಡಿ ಹಿಪ್ಪೆ ಮಾಡಿರೋ ಮನುಷ್ಯ, ಎಂ.ಪಿ. ಶಂಕರ್ ಮಾಡಿದಾರೆ, ಅವನು ಸತ್ತಾಗ ಊರಲ್ಲಿ ಒಬ್ಬನಿಗೂ ದುಃಖ ಇಲ್ಲ, ಹೆಣಕ್ಕೆ ಹೆಗಲು ಕೊಡೋಕೆ ಯಾರೂ ಬರಲ್ಲ. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ಇದು ಆಗಿಹೋಗುತ್ತೆ ಅಂತ ಗಮನಿಸಿ. ಬೇರೆ ಯಾರಾದ್ರೂ ಆಗಿದ್ರೆ ವಿಲನ್ ಸಾಯೋದನ್ನ ಕೊನೇಗೆ ಇಟ್ಕೋತಿದ್ರು. ಸಿದ್ದಲಿಂಗಯ್ಯ ಮೊದ್ಲೇ ಸಾಯಿಸಿ, ಸರಿ, ಕೆಟ್ಟೋನು ಹೋದ, ಈಗ ಅವನ ಮೇಲಿದ್ದ ಸಿಟ್ಟನ್ನ ಊರು ಏನ್ ಮಾಡುತ್ತೆ ಅಂತ ಕೇಳ್ತಾರೆ. ಆ ಸಿಟ್ಟು ಮಗನ ಮೇಲೆ ಬೀಳುತ್ತೆ. ಅಯ್ಯುಗೆ ಅಪ್ಪನ ಆಸ್ತಿ ಬಂದ ಹಾಗೇ ಅಪ್ಪನ ಮೇಲಿದ್ದ ದ್ವೇಷನೂ ಬರುತ್ತೆ, ಎದುರಿಗೆ ಗುಳ್ಳ ನಿಲ್ತಾನೆ, ಇಬ್ರೂ ಹಟಕ್ಕೆ ಬಿದ್ದು ಕೋರ್ಟು ಕಚೇರಿ ಅಂತ ಅಲೆದು ಹಾಳಾಗ್ತಾರೆ.

ಅಯ್ಯು ಪಾತ್ರ ಲೋಕೇಶ್, ಗುಳ್ಳ ವಿಷ್ಣುವರ್ಧನ್. ಇಲ್ಲಿ ಯಾರು ಹೀರೋ ಅಂತ ಬೆರಳು ಮಾಡಿ ತೋರ್ಸೋಕಾಗಲ್ಲ, ನೀವು ಅಯ್ಯು ಮನೇಲಿದ್ದಾಗ ಅಯ್ಯು ಸರಿ ಅನ್ಸುತ್ತೆ, ಗುಳ್ಳನ ಮನೇಲಿದ್ದಾಗ ಗುಳ್ಳ ಸರಿ ಅನ್ಸುತ್ತೆ. ಒಂದು ಕಮರ್ಷಿಯಲ್ ಸಿನಿಮಾ ಇಷ್ಟು ನ್ಯಾಯವಾಗಿ ಎರಡು ಮನೆ ಮಧ್ಯೆ ಓಡಾಡೋದು ಬಹಳ ಕಷ್ಟದ ಕೆಲಸ, ಎಡಿಟಿಂಗ್‌ನಲ್ಲಿ ಒಂದು ಕಡೆಗೆ ನಾಲ್ಕು ಕ್ಲೋಸಪ್ ಜಾಸ್ತಿ ಕೊಟ್ರೂ ತಕ್ಕಡಿ ವಾಲಿಬಿಡುತ್ತೆ. ಕೊನೇಲಿ ಪ್ರವಾಹ ಬರುತ್ತಲ್ಲ, ಆ ಭಾಗದಲ್ಲಿ ನನ್ನ ಕೆಲಸದ ಕಣ್ಣು ಸುಮ್ಮನಾಗುತ್ತೆ. ಇದೇ ಸಿನಿಮಾದ ಉಪ್ಪಿನಕಾಯಿ ಸೀನ್‌ನಿಂದ ಲೋಕನಾಥ್ ಅವ್ರು ಜೀವನಪೂರ್ತಿ ಉಪ್ಪಿನಕಾಯಿ ಲೋಕನಾಥ್ ಆಗಿ ಉಳಿದ್ರು, ಅಂದ್ರೆ ಇಷ್ಟು ಗಂಭೀರ ಕಥೆ ಮಧ್ಯೆ ಹೊಟ್ಟೆ ತುಂಬಾ ನಗೋಕೂ ಜಾಗ ಇದೆ. ಇದನ್ನ ನೋಡಿ ಸ್ಲೋ ಅಂತ ನೀವು ಖಂಡಿತ ಅನ್ನಲ್ಲ.

ಈಗ ನೀವು ಅರ್ಧಕ್ಕೆ ನಿಲ್ಲಿಸ್ತೀನಿ ಅಂದ ಥರದ ಸಿನಿಮಾಗೆ ಬನ್ನಿ. ಸಂಸ್ಕಾರ, 1970, ಪಟ್ಟಾಭಿರಾಮ ರೆಡ್ಡಿ ಡೈರೆಕ್ಷನ್, ಯು.ಆರ್. ಅನಂತಮೂರ್ತಿಯವ್ರ ಕಾದಂಬರಿ. ಅಲ್ಲೂ ಒಂದು ಹೆಣ. ಅಗ್ರಹಾರದಲ್ಲಿ ನಾರಣಪ್ಪ ಅನ್ನೋ ಧರ್ಮಭ್ರಷ್ಟ ಸತ್ತಿದಾನೆ, ಅವನಿಗೆ ಸಂಸ್ಕಾರ ಮಾಡ್ಬೇಕಾದೋರು ಯಾರು ಅಂತ ತೀರ್ಮಾನ ಆಗ್ತಿಲ್ಲ, ಹೆಣ ಎತ್ತೋವರೆಗೂ ಅಗ್ರಹಾರದಲ್ಲಿ ಯಾರೂ ಊಟ ಮಾಡೋ ಹಾಗಿಲ್ಲ. ಈ ಊಟದ ವಿಷಯ ತಲೇಲಿ ಇಟ್ಕೊಂಡು ನೋಡಿ, ಸಿನಿಮಾದ ಓಟನೇ ಬೇರೆ ಅನ್ಸುತ್ತೆ. ಅವ್ರು ಶಾಸ್ತ್ರ ಮಾತಾಡ್ತಿದಾರೆ, ಆದ್ರೆ ಹೊಟ್ಟೆ ಹಸೀತಿದೆ, ಹೆಣ ಕೊಳೀತಿದೆ, ನಾರಣಪ್ಪನ ಜೊತೆ ಬಾಳಿದ ಚಂದ್ರಿ ತನ್ನ ಒಡವೆ ಬಿಚ್ಚಿ ಮುಂದೆ ಇಟ್ಟ ಮೇಲೆ ಕೆಲವ್ರ ಶಾಸ್ತ್ರದ ಮಾತೇ ಬದಲಾಗುತ್ತೆ. ಥ್ರಿಲ್ಲರ್‌ನಲ್ಲಿ ಬಾಂಬ್ ಟೈಮರ್ ಓಡೋದಕ್ಕೂ ಇದಕ್ಕೂ ಕಟ್ಟೋ ರೀತಿಯಲ್ಲಿ ಏನ್ ವ್ಯತ್ಯಾಸ ಹೇಳಿ? ಗಡಿಯಾರದ ಬದಲು ಹಸಿವು ಇದೆ. ತೀರ್ಮಾನ ಹೇಳ್ಬೇಕಾದ ಪಂಡಿತ ಪ್ರಾಣೇಶಾಚಾರ್ಯ ಗಿರೀಶ್ ಕಾರ್ನಾಡ್, ಚಂದ್ರಿ ಸ್ನೇಹಲತಾ ರೆಡ್ಡಿ, ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥ್. ಮದ್ರಾಸಿನ ಸೆನ್ಸಾರ್ ಮಂಡಳಿ ತಡೆದು, ಆಮೇಲೆ ಕೇಂದ್ರ ಸರ್ಕಾರದ ಮಟ್ಟದಲ್ಲಿ ಒಪ್ಪಿಗೆ ಸಿಕ್ಕಿ ರಿಲೀಸ್ ಆಗಿ, ಕನ್ನಡಕ್ಕೆ ಮೊದಲ ಸ್ವರ್ಣಕಮಲ, ಅಂದ್ರೆ ದೇಶದ ಅತ್ಯುತ್ತಮ ಸಿನಿಮಾಗೆ ಕೊಡೋ ರಾಷ್ಟ್ರಪ್ರಶಸ್ತಿ, ತಂದ ಸಿನಿಮಾ ಇದು.

ಸಂಸ್ಕಾರದ ಹೆಣಕ್ಕೂ ಭೂತಯ್ಯನ ಹೆಣಕ್ಕೂ ಇರೋ ಸಂಬಂಧ ಕಾಣಿಸ್ತಲ್ಲ? ಸತ್ತೋನು ಒಳ್ಳೆಯವನಲ್ಲ, ಸರಿ, ಆದ್ರೆ ಅವನನ್ನ ಎತ್ತೋರು ಯಾರು, ಎತ್ತದೇ ಹೋದ್ರೆ ಊರು ಊರಾಗಿ ಉಳಿಯುತ್ತಾ? ಎರಡರ ಮಧ್ಯೆ ನಾಲ್ಕೇ ವರ್ಷ ಅಂತರ, ಒಂದಕ್ಕೆ ಆರ್ಟ್ ಅಂತ ಹಣೆಪಟ್ಟಿ, ಇನ್ನೊಂದಕ್ಕೆ ಕಮರ್ಷಿಯಲ್ ಅಂತ ಹಣೆಪಟ್ಟಿ.

ಜನಾನೂ ಬೇರೆ ಬೇರೆ ಅಲ್ಲ. ಭೂತಯ್ಯನ ಮಗ ಅಯ್ಯುಗೆ ಒಂದು ವರ್ಷ ಮುಂಚೆ ಇದೇ ಲೋಕೇಶ್ ಕಾರ್ನಾಡರ ಕಾಡು ಸಿನಿಮಾದಲ್ಲಿದ್ರು, ಅವ್ರ ತಂದೆ ಸುಬ್ಬಯ್ಯ ನಾಯ್ಡು 1934ರ ಮೊದಲ ಕನ್ನಡ ಟಾಕಿ ಸತಿ ಸುಲೋಚನದ ನಾಯಕ. ವಿಷ್ಣುವರ್ಧನ್ ಅಂದ್ರೆ ಎಲ್ರಿಗೂ 1972ರ ನಾಗರಹಾವು ನೆನಪಾಗುತ್ತೆ, ಅದಕ್ಕೂ ಮುಂಚೆ 1971ರಲ್ಲಿ ಕಾರ್ನಾಡ್, ಬಿ.ವಿ. ಕಾರಂತರು ಸೇರಿ ಡೈರೆಕ್ಟ್ ಮಾಡಿದ ವಂಶವೃಕ್ಷದಲ್ಲಿ ಸಂಪತ್ ಕುಮಾರ್ ಅನ್ನೋ ತಮ್ಮ ಸ್ವಂತ ಹೆಸರಲ್ಲೇ ಬಂದಿದ್ರು. ಜಿ.ವಿ. ಅಯ್ಯರ್ 1960ರ ರಣಧೀರ ಕಂಠೀರವಕ್ಕೆ ಬರೆದೋರು, ಅಪ್ಪಟ ಕಮರ್ಷಿಯಲ್ ಲೋಕದ ಮನುಷ್ಯ, 1975ರಲ್ಲಿ ಹಂಸಗೀತೆ ಮಾಡಿದ್ರು, ಅದು ಚಿತ್ರದುರ್ಗದ ಒಬ್ಬ ಸಂಗೀತಗಾರನ ಕಥೆ, ಅನಂತ್ ನಾಗ್ ಮುಖ್ಯ ಪಾತ್ರ, ಬಾಲಮುರಳಿಕೃಷ್ಣ ಹಾಡಿದಾರೆ. ಹಂಸಗೀತೆ ಕಾದಂಬರಿ ಬರೆದ ತ.ರಾ.ಸು. ಅವ್ರೇ ನಾಗರಹಾವು ಕಾದಂಬರಿನೂ ಬರೆದೋರು. ಹಾಗಾದ್ರೆ ತ.ರಾ.ಸು. ಯಾವ ಕಡೆ? ಗೊರೂರು ಯಾವ ಕಡೆ? ನಮ್ಮ ಒಳ್ಳೇ ಸಿನಿಮಾ ಬಹುತೇಕ ಕನ್ನಡ ಸಾಹಿತ್ಯದ ಹಿತ್ತಲಲ್ಲೇ ಬೆಳೆದಿರೋದು, ಕಾಯಿ ಕೊಯ್ದೋರು ಬೇರೆ ಬೇರೆ ಅಷ್ಟೇ.

ಸ್ಲೋ ಅನ್ನೋ ಮಾತಿಗೆ ಬರ್ತೀನಿ, ಇದು ನನ್ನ ಕಸುಬಿನ ವಿಷಯ. ಕಟ್ ಕಡಿಮೆ ಇದ್ರೆ ಸ್ಲೋ ಅನ್ನೋದು ತಪ್ಪು ಲೆಕ್ಕ. ನಿಮಿಷಕ್ಕೆ ಮೂವತ್ತು ಕಟ್ ಇರೋ ಫೈಟಲ್ಲಿ ಆಕಳಿಕೆ ಬರುತ್ತೆ, ಯಾಕಂದ್ರೆ ಯಾರು ಗೆಲ್ತಾರೆ ಅಂತ ಗೊತ್ತು, ನಿಮ್ಮ ತಲೇಲಿ ಪ್ರಶ್ನೆ ಇಲ್ಲ. ಒಂದು ಶಾಟ್‌ನ ಇಷ್ಟು ಹೊತ್ತು ಇಡು ಅಂತ ಎಡಿಟರ್‌ಗೆ ಹೇಳೋದು, ನೋಡೋನಿಗೆ ಆ ಫ್ರೇಮಲ್ಲಿ ಇನ್ನೂ ಹುಡುಕೋದು ಏನಿದೆ ಅನ್ನೋದು. ಕಮರ್ಷಿಯಲ್ ಸಿನಿಮಾ ಸಾಮಾನ್ಯವಾಗಿ ಎಲ್ಲಿ ನೋಡ್ಬೇಕು ಅಂತ ಕ್ಲೋಸಪ್ ಕೊಟ್ಟು, ಮ್ಯೂಸಿಕ್ ಕೊಟ್ಟು ಹೇಳಿಬಿಡುತ್ತೆ. ಇನ್ನೊಂದು ಥರದ್ದು ಅಗಲವಾದ ಫ್ರೇಮ್ ಇಟ್ಟು ಸುಮ್ಮನಿರುತ್ತೆ, ಕಣ್ಣಿಗೆ ನಾವೇ ಕೆಲಸ ಕೊಡ್ಬೇಕು, ಹಿಂದೆ ಬಾಗಿಲಲ್ಲಿ ಯಾರು ನಿಂತಿದಾರೆ, ಯಾರು ಮಾತಾಡ್ತಿಲ್ಲ, ಹೊರಗಡೆ ಏನ್ ಶಬ್ದ ಬರ್ತಿದೆ. ಫೋನ್ ಕೈಯಲ್ಲಿಟ್ಕೊಂಡು ನೋಡಿದ್ರೆ ಕಣ್ಣು ಆ ಕೆಲಸ ಮಾಡಲ್ಲ, ಆಗ ಸ್ಲೋ ಅನ್ಸೇ ಅನ್ಸುತ್ತೆ. ಇದಕ್ಕೆ ದೊಡ್ಡ ಓದು ಬೇಕು ಅನ್ನೋದೂ ಸುಳ್ಳು. ಹೆಗ್ಗೋಡಲ್ಲಿ ಕೆ.ವಿ. ಸುಬ್ಬಣ್ಣನವ್ರು ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಕೆಲಸ ಮುಗಿಸಿ ಬಂದ ಹಳ್ಳಿ ಜನಕ್ಕೇ ವಿಶ್ವ ಸಿನಿಮಾಗಳನ್ನ ತೋರಿಸಿದ್ರು, ಜನ ಕೂತು ನೋಡಿದ್ರು.

ಈ ಮಾತಿಗೆ ನಂಗೆ ಸಿಗೋ ದೊಡ್ಡ ಸಾಕ್ಷಿ ಘಟಶ್ರಾದ್ಧ. 1977, ಗಿರೀಶ್ ಕಾಸರವಳ್ಳಿಯವ್ರ ಮೊದಲ ಫೀಚರ್, ಪುಣೆ ಇನ್ಸ್ಟಿಟ್ಯೂಟ್‌ನಿಂದ ಆಚೆ ಬಂದು ಎರಡೇ ವರ್ಷಕ್ಕೆ ಮಾಡಿದ್ದು, ಕಪ್ಪು ಬಿಳುಪು, ಕ್ಯಾಮೆರಾ ಎಸ್. ರಾಮಚಂದ್ರ. ಇದೂ ಅನಂತಮೂರ್ತಿಯವ್ರ ಕಥೆನೇ. ಉಡುಪರ ವೇದಪಾಠಶಾಲೆಗೆ ನಾಣಿ ಅನ್ನೋ ಪುಟ್ಟ ಹುಡುಗನನ್ನ ತಂದು ಬಿಡ್ತಾರೆ, ದೊಡ್ಡ ಹುಡುಗರು ಅವನನ್ನ ಗೋಳು ಹೊಯ್ಕೋತಾರೆ, ಅವನಿಗೆ ಆ ಮನೇಲಿ ಆಸರೆ ಅಂದ್ರೆ ಉಡುಪರ ಮಗಳು ಯಮುನಕ್ಕ, ಎಳೆ ವಯಸ್ಸಿನ ವಿಧವೆ. ಅವಳು ಬಸುರಿ. ನಾಣಿಗೆ ಅದು ಅರ್ಥ ಆಗಲ್ಲ, ನಮಗೆ ಆಗುತ್ತೆ. ಇಡೀ ಸಿನಿಮಾ ನಿಂತಿರೋದು ಈ ವ್ಯತ್ಯಾಸದ ಮೇಲೆ. ಹುಡುಗ ಏನ್ ನೋಡ್ತಾನೋ ಅಷ್ಟನ್ನೇ ನಾವು ನೋಡ್ತೀವಿ, ಆದ್ರೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಮಗೆ ತಿಳಿದಿರುತ್ತೆ, ಹಾಗಾಗಿ ಪ್ರತಿ ಸಲ ಅವನು ಏನೂ ತಿಳೀದೇ ಒಂದು ಪ್ರಶ್ನೆ ಕೇಳಿದಾಗ ನಮ್ಮೆದೆ ಧಸಕ್ ಅನ್ನುತ್ತೆ.

ಯಮುನಕ್ಕ ಹುತ್ತದೊಳಗೆ ಕೈ ಇಡ್ತಾಳೆ, ಹಾವು ಕಚ್ಚಲಿ, ಸಾಯೋಣ ಅಂತ. ಆ ಸೀನ್ ನಂಗೆ ಬೇರೆ ಯಾವ ಆತ್ಮಹತ್ಯೆ ಪ್ರಯತ್ನದ ಸೀನ್‌ಗಿಂತ ಭಯ ಹುಟ್ಸುತ್ತೆ, ಯಾಕಂದ್ರೆ ಅಲ್ಲಿ ಕಾಯೋದು ಬಿಟ್ರೆ ಬೇರೇನಿಲ್ಲ. ಹಾವು ಇದ್ಯಾ ಇಲ್ವಾ ನಮಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಇಂಥ ಕಡೆ ಒಬ್ಬ ಎಡಿಟರ್‌ಗೆ ಬೇಗ ಕಟ್ ಮಾಡೋಣ ಅನ್ನೋ ಆಸೆ ಬಂದೇ ಬರುತ್ತೆ, ಅದನ್ನ ತಡ್ಕೊಂಡ್ರೆ ಮಾತ್ರ ಆ ಭಯ ನೋಡೋನ ಮೈಗೆ ಇಳಿಯೋದು. ಮ್ಯೂಸಿಕ್ ಬಿ.ವಿ. ಕಾರಂತರದ್ದು, ಇದಕ್ಕೇ ಅವ್ರಿಗೆ ರಾಷ್ಟ್ರಪ್ರಶಸ್ತಿ ಬಂತು, ನಾಣಿ ಮಾಡಿದ ಅಜಿತ್ ಕುಮಾರ್‌ಗೆ ಬಾಲನಟ ಪ್ರಶಸ್ತಿ, ಸಿನಿಮಾಗೆ ಸ್ವರ್ಣಕಮಲ. ಕಾರಂತರು ನಾಟಕದಿಂದ ಬಂದೋರು, ಎಲ್ಲಿ ಬಾರಿಸ್ಬೇಕು ಅನ್ನೋಷ್ಟೇ ಎಲ್ಲಿ ಬಾರಿಸ್ಬಾರ್ದು ಅಂತ ಅವ್ರಿಗೆ ಗೊತ್ತಿತ್ತು.

ಕೊನೇಗೆ ಅಪ್ಪನೇ ಬದುಕಿರೋ ಮಗಳಿಗೆ ಶ್ರಾದ್ಧ ಮಾಡಿ ಗಡಿಗೆ ಒಡೆದು ಹೊರಗೆ ಹಾಕ್ತಾನೆ. ಮತ್ತೆ ಅದೇ ಪ್ರಶ್ನೆ ನೋಡಿ, ಈ ಸಲ ತಲೆಕೆಳಗಾಗಿ. ಭೂತಯ್ಯ, ನಾರಣಪ್ಪ ಸತ್ರೂ ಸಂಸ್ಕಾರ ಸಿಗೋದು ಕಷ್ಟ, ಯಮುನಕ್ಕ ಬದುಕಿದ್ರೂ ಅವಳಿಗೆ ಮಾಡಿ ಮುಗಿಸಿಬಿಟ್ರು. ತಲೆ ಬೋಳಿಸಿ ಮರದ ಕೆಳಗೆ ಕೂತಿರೋ ಅವಳನ್ನ ನಾಣಿ ನೋಡೋ ಆ ಜಾಗ ಬಂದಾಗ ನನ್ನ ಲೆಕ್ಕಾಚಾರ ಎಲ್ಲ ನಿಲ್ಲುತ್ತೆ. ಯಮುನಕ್ಕ ಮಾಡಿದ ಮೀನಾ ಕುಟ್ಟಪ್ಪ ಅವ್ರ ಮುಖ ಇಡೀ ಸಿನಿಮಾದಲ್ಲಿ ಒಂದು ಸಲನೂ ಕರುಣೆ ಬೇಡಲ್ಲ. ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವ್ರು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವ್ರ ಫಿಲ್ಮ್ ಫೌಂಡೇಶನ್ ಜೊತೆ ಸೇರಿ ಇದನ್ನ 4ಕೆ ರಿಸ್ಟೋರ್ ಮಾಡಿ, 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದ್ರು. ಎಲ್ಲಾದ್ರೂ ಫೆಸ್ಟಿವಲ್‌ನಲ್ಲಿ ಆ ಪ್ರಿಂಟ್ ಬಂದ್ರೆ ರಜೆ ಹಾಕಿ ಹೋಗಿ.

ಹೆಣ, ತಿಥಿ ಅಂತ ಇಷ್ಟೊಂದು ಹೇಳಿದ್ಮೇಲೆ 2015ರ ತಿಥಿ ಬಿಡೋಕಾಗುತ್ತಾ. ರಾಮ್ ರೆಡ್ಡಿ ಡೈರೆಕ್ಷನ್, ಈರೇಗೌಡ ಜೊತೆ ಸೇರಿ ಬರೆದಿದ್ದು, ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಸುತ್ತಮುತ್ತಲಿನ ಜನರೇ ಪಾತ್ರಧಾರಿಗಳು. ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಗೆದ್ದು ಬಂದು, ಮಾರನೇ ವರ್ಷ ಇಲ್ಲಿ ಥಿಯೇಟರಲ್ಲೂ ಜನ ನಕ್ಕು ನಕ್ಕು ನೋಡಿದ್ರು. 101 ವರ್ಷದ ಸೆಂಚುರಿ ಗೌಡ ದಾರಿ ಬದೀಲಿ ಕೂತು ಹೋಗೋ ಬರೋರನ್ನೆಲ್ಲ ಬೈತಾ ಇರ್ತಾನೆ, ಎದ್ದು ಉಚ್ಚೆಗೆ ಅಂತ ಪಕ್ಕಕ್ಕೆ ಹೋಗ್ತಾನೆ, ಅಲ್ಲೇ ಬಿದ್ದು ಸತ್ತೋಗ್ತಾನೆ. ಇನ್ನು ಹನ್ನೊಂದನೇ ದಿನದ ತಿಥಿವರೆಗೆ ಕಥೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರೋ ಆತುರ, ಊರಿಗೆ ಊಟ ಹಾಕೋ ಖರ್ಚು, ಮರಿಮಗ ಅಭಿಗೆ ಕುರಿ ಕಾಯೋರ ಹುಡುಗಿ ಹಿಂದೆ ಸುತ್ತೋದು, ಮತ್ತೆ ಮಗ ಗಡ್ಡಪ್ಪನಿಗೆ ಇದ್ಯಾವ್ದೂ ಬೇಡ, ಬೀಡಿ, ಬ್ರಾಂದಿ, ನಡೆಯೋದು, ಅಷ್ಟೇ.

ತಮಾಷೆ ಅಂತ ನೋಡ್ತಾ ಇರ್ತೀರ, ಒಂದು ರಾತ್ರಿ ಕುರಿಗಾಹಿಗಳ ಜೊತೆ ಬೆಂಕಿ ಮುಂದೆ ಕೂತು ಗಡ್ಡಪ್ಪ ತನ್ನ ಕಥೆ ಹೇಳ್ತಾನೆ. ಏನ್ ಹೇಳ್ತಾನೆ ಅಂತ ನಾನು ಹೇಳಲ್ಲ. ಫ್ಲ್ಯಾಶ್‌ಬ್ಯಾಕ್ ಇಲ್ಲ, ಪಿಟೀಲು ಇಲ್ಲ, ಎಂದೂ ನಟನೆ ಮಾಡದ ಒಬ್ಬ ಮುದುಕ ಬೆಂಕಿ ನೋಡ್ತಾ ಮಂಡ್ಯದ ಮಾತಲ್ಲಿ ಸಲೀಸಾಗಿ ಹೇಳ್ಕೊಂಡು ಹೋಗ್ತಾನೆ, ಅದಾದ್ಮೇಲೆ ಅದುವರೆಗೂ ನೀವು ಅವನನ್ನ ನೋಡಿ ನಕ್ಕಿದ್ದಕ್ಕೆಲ್ಲ ಬೇರೆ ಅರ್ಥ ಬಂದುಬಿಡುತ್ತೆ. ನಾನು ಎಡಿಟಿಂಗ್ ಕಲಿಯೋ ಹುಡುಗರಿಗೆ ಈ ಭಾಗ ತಪ್ಪದೇ ತೋರಿಸ್ತೀನಿ, ಕೇಳೋರ ಮುಖಕ್ಕೆ ಯಾವಾಗ ಹೋಗ್ಬೇಕು, ಹೇಳೋನ ಮೇಲೆ ಎಷ್ಟು ಹೊತ್ತು ನಿಲ್ಬೇಕು ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಬಾಯಲ್ಲಿ ಹೇಳಿಕೊಡೋಕಾಗಲ್ಲ.

ಪುಟ್ಟಣ್ಣ ಕಣಗಾಲ್ ವಿಷಯದಲ್ಲಿ ನನ್ನ ಆಯ್ಕೆ ಶರಪಂಜರ, 1971. ತ್ರಿವೇಣಿಯವ್ರ ಕಾದಂಬರಿ, ಅವ್ರು ಮನಃಶಾಸ್ತ್ರ ಓದಿದ್ದೋರು, ಹಾಗಾಗಿ ನಾಯಕಿ ಕಾವೇರಿಯ ಮಾನಸಿಕ ಕಾಯಿಲೆ ಬರೀ ಸಿನಿಮಾ ಹುಚ್ಚು ಅಲ್ಲ. ಕಲ್ಪನಾ ಅವ್ರ ನಟನೆ ಓವರ್ ಅಂತ ಇವತ್ತಿನೋರು ಅಂತಾರೆ, ಅದು ಕೊನೆ ಹತ್ತು ನಿಮಿಷದ ಕ್ಲಿಪ್ ಮಾತ್ರ ನೋಡಿದೋರ ಮಾತು. ಆಸ್ಪತ್ರೆಯಿಂದ ಗುಣ ಆಗಿ ವಾಪಸ್ ಬಂದ ಮೇಲಿನ ಕಾವೇರಿನ ನೋಡಿ. ಅವಳು ನಕ್ಕರೆ ಎದುರಿಗಿರೋರ ಮುಖ ಬದಲಾಗುತ್ತೆ, ಸ್ವಲ್ಪ ಜೋರಾಗಿ ಮಾತಾಡಿದ್ರೆ ಮನೆಯವ್ರು ಒಬ್ಬರ ಮುಖ ಒಬ್ಬರು ನೋಡ್ಕೋತಾರೆ. ಅವಳಿಗೆ ಅದು ಗೊತ್ತಾಗ್ತಾ ಹೋಗುತ್ತೆ, ತನ್ನನ್ನ ತಾನೇ ಕಾವಲು ಕಾಯೋಕೆ ಶುರು ಮಾಡ್ತಾಳೆ, ಎಷ್ಟು ನಗ್ಬೇಕು, ಎಷ್ಟು ಸಿಟ್ಟಾಗ್ಬೇಕು ಅಂತ ಅಳೆದು ಅಳೆದು ಬದುಕೋದನ್ನ ಕಲ್ಪನಾ ಕಣ್ಣಲ್ಲೇ ಮಾಡ್ತಾರೆ. ಎರಡನೇ ಸಲ ಅವಳನ್ನ ಕೆಡವಿದ್ದು ಕಾಯಿಲೆಗಿಂತ ಹೆಚ್ಚಾಗಿ ಮನೆ. ಕೊನೇಲಿ ಅವಳು ಅಷ್ಟು ಜೋರಾಗಿ ಒಡೀಬೇಕಾದ್ರೆ ಮುಂಚೆ ಅಷ್ಟು ಹೊತ್ತು ಬಿಗಿ ಹಿಡ್ಕೊಂಡಿರ್ಬೇಕಲ್ವಾ.

ನಾಗರಹಾವು ನೀವು ನೋಡಿರ್ತೀರ ಅನ್ಕೋತೀನಿ, 2018ರಲ್ಲಿ ಹೊಸ ರೂಪದಲ್ಲಿ ಮತ್ತೆ ಥಿಯೇಟರಿಗೆ ಬಂದಿತ್ತು. ಅದ್ರಲ್ಲಿ ಒಂದು ಸ್ಲೋ ಮೋಷನ್ ಹಾಡಿದೆ, ಬಾರೇ ಬಾರೇ. ಈಗಿನ ಫೋನಲ್ಲಿ ಬಟನ್ ಒತ್ತಿದ್ರೆ ಸ್ಲೋ ಮೋಷನ್, ಫಿಲ್ಮ್ ಕಾಲದಲ್ಲಿ ಕ್ಯಾಮೆರಾನ ಸೆಕೆಂಡಿಗೆ 24 ಫ್ರೇಮ್ ಬದಲು 48 ಫ್ರೇಮ್ ಓಡಿಸ್ಬೇಕು, ರೀಲ್ ಎರಡರಷ್ಟು ಖರ್ಚು. ಹಾಡಿಗೆ ತುಟಿ ಹೊಂದ್ಬೇಕಾದ್ರೆ ಸ್ಪಾಟಲ್ಲಿ ಹಾಡನ್ನ ಡಬಲ್ ಸ್ಪೀಡಲ್ಲಿ ಹಾಕಿ ನಟರು ಆ ಸ್ಪೀಡಿಗೇ ತುಟಿ ಆಡಿಸ್ಬೇಕು, ಆಮೇಲೆ ಪರದೆ ಮೇಲೆ 24ರಲ್ಲಿ ಓಡಿಸಿದಾಗ ದೇಹ ನಿಧಾನ ಆಗಿ ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂರುತ್ತೆ. ಈ ಕಷ್ಟ ತಲೇಲಿಟ್ಕೊಂಡು ಚಿತ್ರದುರ್ಗದ ಆ ಬಂಡೆಗಳ ಮಧ್ಯೆ ಚಿಟ್ಟಿಬಾಬು ಅವ್ರ ಕ್ಯಾಮೆರಾ ಏನ್ ಮಾಡಿದೆ ನೋಡಿ. ಚಾಮಯ್ಯ ಮೇಷ್ಟ್ರು ಆಗಿ ಕೆ.ಎಸ್. ಅಶ್ವಥ್ ಬಗ್ಗೆ ಬರೆಯೋಕೆ ಹೊರಟ್ರೆ ಈ ಉತ್ತರ ಮುಗಿಯಲ್ಲ.

ಅಣ್ಣಾವ್ರಲ್ಲಿ ಒಂದೇ ಆರಿಸಿ ಅಂದ್ರೆ ಬಂಗಾರದ ಮನುಷ್ಯ ಅಲ್ಲ, ಕಸ್ತೂರಿ ನಿವಾಸ. ಬಂಗಾರದ ಮನುಷ್ಯ ಎರಡು ವರ್ಷ ಓಡಿದ್ದು, ಪೇಟೆ ಸೇರಿದ್ದೋರನ್ನ ಮತ್ತೆ ನೇಗಿಲ ಕಡೆ ತಿರುಗಿಸಿದ್ದು ಎಲ್ಲ ದೊಡ್ಡ ವಿಷಯ, ಗೌರವ ಇದೆ. ಆದ್ರೆ ನನ್ನನ್ನ ಪೂರ್ತಿ ಕರಗಿಸೋದು 1971ರ ದೊರೈ ಭಗವಾನ್ ಅವ್ರ ಕಸ್ತೂರಿ ನಿವಾಸ. ಕೊಟ್ಟು ಕೊಟ್ಟು ಬರಿಗೈ ಆದ ಮನುಷ್ಯನ ಮನೆಗೆ ಒಬ್ಬಳು ಅತಿಥಿ ಬರ್ತಾಳೆ, ಊಟ ಹಾಕದೆ ಕಳಿಸೋಕೆ ಅವನ ಮನಸ್ಸು ಒಪ್ಪಲ್ಲ, ಮನೇಲಿ ಏನೂ ಇಲ್ಲ, ಒಂದು ಪಾರಿವಾಳ ಇದೆ. ಅವಳು ಏನನ್ನ ಕೇಳೋಕೆ ಬಂದಿದಾಳೆ ಅನ್ನೋದು ಊಟ ಆದ್ಮೇಲೆ ತಿಳಿಯುತ್ತೆ. ಬೇರೆ ನಟರಾಗಿದ್ರೆ ಇಲ್ಲಿ ಕಿರುಚಾಡ್ತಿದ್ರು. ರಾಜ್‌ಕುಮಾರ್ ಕುಗ್ತಾರೆ ಅಷ್ಟೇ, ಜೀವನದಲ್ಲಿ ಮೊದಲ ಸಲ ಕೊಡೋಕಾಗದೇ ಹೋಯ್ತು ಅನ್ನೋದು ಅವ್ರ ಭುಜದಲ್ಲೇ ಗೊತ್ತಾಗುತ್ತೆ. ಇದನ್ನೇ 1975ರಲ್ಲಿ ತಮಿಳಲ್ಲಿ ಶಿವಾಜಿ ಗಣೇಶನ್ ಮಾಡಿದ್ರು, ಒಂದೇ ಕಥೆ ಇಬ್ರು ದೊಡ್ಡ ನಟರು ಹೇಗೆ ಹಿಡೀತಾರೆ ಅಂತ ನೋಡೋ ಆಸೆ ಇದ್ರೆ ಎರಡನ್ನೂ ನೋಡಿ.

ಕನ್ನಡದ ಆಚೆ ಹೋಗೋದಾದ್ರೆ ಒಂದೇ ಒಂದನ್ನ ಒತ್ತಿ ಹೇಳ್ತೀನಿ, ಜಪಾನಿನ ನಿರ್ದೇಶಕ ಕುರೊಸಾವಾ ಅವ್ರ ಇಕಿರು, 1952. ಅದನ್ನ ಕಾಸರವಳ್ಳಿಯವ್ರ 1987ರ ತಬರನ ಕಥೆ ಜೊತೆ ಸೇರಿಸಿ ಒಂದೇ ವಾರದಲ್ಲಿ ನೋಡಿ. ಇಕಿರುನಲ್ಲಿ ಮೇಜಿನ ಒಳಗಡೆ ಕೂತಿರೋ ಸರ್ಕಾರಿ ಅಧಿಕಾರಿ, ಮೂವತ್ತು ವರ್ಷ ಫೈಲ್ ಮುಂದೆ ತಳ್ಳಿ ತಳ್ಳಿ, ಕ್ಯಾನ್ಸರ್ ಅಂತ ಗೊತ್ತಾದ್ಮೇಲೆ ಒಂದು ಪಾರ್ಕ್ ಕಟ್ಟಿಸೋಕೆ ಒದ್ದಾಡ್ತಾನೆ. ತಬರನ ಕಥೆಯಲ್ಲಿ ಮೇಜಿನ ಹೊರಗಡೆ ನಿಂತಿರೋ ರಿಟೈರ್ಡ್ ಪುರಸಭೆ ನೌಕರ, ಪೆನ್ಷನ್‌ಗಾಗಿ ಅಲೀತಾನೆ, ಅತ್ತ ಹೆಂಡ್ತಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೀತಿದೆ. ಪೂರ್ಣಚಂದ್ರ ತೇಜಸ್ವಿಯವ್ರ ಕಥೆ, ಚಾರುಹಾಸನ್ ಅವ್ರಿಗೆ ರಾಷ್ಟ್ರಪ್ರಶಸ್ತಿ ಬಂತು. ಒಂದೇ ಕಚೇರಿನ ಒಳಗಿನಿಂದ ಒಂದು, ಹೊರಗಿನಿಂದ ಒಂದು ನೋಡಿದ ಹಾಗಿರುತ್ತೆ. ಇಕಿರುನಲ್ಲಿ ಕಥಾನಾಯಕ ಸಿನಿಮಾ ಮುಗಿಯೋಕೆ ಇನ್ನೂ ಬಹಳ ಹೊತ್ತು ಇರುವಾಗಲೇ ಸತ್ತುಹೋಗ್ತಾನೆ, ಉಳಿದ ಕಥೆ ಪೂರ್ತಿ ಅವನ ಸಾವಿನ ಮನೇಲಿ ಕೂತು ಕುಡೀತಾ ಮಾತಾಡೋ ಸಹೋದ್ಯೋಗಿಗಳ ಬಾಯಲ್ಲಿ ಬರುತ್ತೆ. ಎಡಿಟಿಂಗ್ ದೃಷ್ಟಿಯಿಂದ ಇಷ್ಟು ಧೈರ್ಯ ಮಾಡಿದ ಸಿನಿಮಾ ನಾನು ಬೇರೆ ನೋಡಿಲ್ಲ.

ಗುಲಾಬಿ ಟಾಕೀಸ್ ಬಗ್ಗೆ ಹೇಳದಿದ್ರೆ ನಿಮ್ಮ ಪ್ರಶ್ನೆಗೇ ಅನ್ಯಾಯ, ಯಾಕಂದ್ರೆ ಅದು ಸಿನಿಮಾ ಹುಚ್ಚಿನ ಬಗ್ಗೆನೇ ಇರೋ ಸಿನಿಮಾ. 2008, ವೈದೇಹಿಯವ್ರ ಕಥೆಯ ಎಳೆ, ಕಾಸರವಳ್ಳಿ, ಮುಖ್ಯ ಪಾತ್ರ ಉಮಾಶ್ರೀ. ಗುಲಾಬಿ ಕುಂದಾಪುರ ಕಡೆಯ ಸೂಲಗಿತ್ತಿ, ಥಿಯೇಟರಲ್ಲಿ ಕೂತ್ರೆ ಹೆರಿಗೆಗೆ ಕರೆಯೋಕೆ ಬಂದ್ರೂ ಏಳಲ್ಲ ಅನ್ನೋಷ್ಟು ಹುಚ್ಚು. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳ ಮನೆಗೆ ಟಿವಿ, ಡಿಶ್ ಬರುತ್ತೆ, ಕೇರಿಯ ಹೆಂಗಸರೆಲ್ಲ ಅವಳ ಮನೇಲಿ ಸೇರ್ತಾರೆ. ಅದೇ ಕಾಲಕ್ಕೆ ಕಾರ್ಗಿಲ್ ಯುದ್ಧ, ಮೀನುಗಾರಿಕೆಯ ಜಗಳ, ಹಿಂದೂ ಮುಸ್ಲಿಂ ಬಿರುಕು, ಅದೇ ಟಿವಿ ಪೆಟ್ಟಿಗೆಯಿಂದಲೂ ಬರುತ್ತೆ, ಊರ ಒಳಗಿಂದಲೂ ಬರುತ್ತೆ. ಪರದೆ ನೋಡೋ ಉಮಾಶ್ರೀಯವ್ರ ಮುಖ ನೋಡಿ, ಸಿನಿಮಾ ಪ್ರೀತಿ ಅಂದ್ರೆ ಏನು ಅಂತ ಬೇರೆ ವಿವರಣೆ ಬೇಡ. 1984ರ ಅನುಭವದಿಂದ ಹೆಸರಾಗಿ, ಎಷ್ಟೋ ವರ್ಷ ಕಾಮಿಡಿ ಪಾತ್ರಗಳಲ್ಲೇ ಕಂಡ ಕಲಾವಿದೆ ಅವ್ರು, ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಮತ್ತೆ ಕೇಳ್ತೀನಿ, ಗೋಡೆ ಎಲ್ಲಿದೆ?

ಇನ್ನು ಬೇಗ ಬೇಗ. ಶ್ರೀಕೃಷ್ಣ ಆಲನಹಳ್ಳಿಯವ್ರ ಕಾದಂಬರಿ ಆಧರಿಸಿದ ಕಾಡು, ಹೆಸರಿಡಿದು ಕರೆಯೋ ಹಕ್ಕಿಗೆ ಓಗೊಟ್ರೆ ಸಾವು ಅನ್ನೋ ನಂಬಿಕೆಯ ಹುಡುಗ ಕಿಟ್ಟಿಯ ಕಣ್ಣಲ್ಲಿ ಎರಡು ಊರಿನ ಹೊಡೆದಾಟ, ನಂದಿನಿ ಭಕ್ತವತ್ಸಲ ಅವ್ರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದಿದ್ದು, ಘಟಶ್ರಾದ್ಧ ಇಷ್ಟ ಆದ್ರೆ ತಕ್ಷಣ ಇದು. ಶಂಕರ್ ನಾಗ್ ನಟನಾಗಿ ಬಂದ ಮೊದಲ ಸಿನಿಮಾ ಒಂದಾನೊಂದು ಕಾಲದಲ್ಲಿ, 1978, ಕತ್ತಿ ವರಸೆ ಇಷ್ಟ ಇರೋರು ಬಿಡಲೇಬಾರ್ದು. ಈಚಿನದ್ರಲ್ಲಿ ನಟೇಶ್ ಹೆಗಡೆಯವ್ರ ಪೆಡ್ರೋ, 2021, ಶಿರಸಿ ಕಡೆಯ ಮಳೆ ಮತ್ತು ಮೌನ, ಮಾತು ಕಡಿಮೆ, ಇದನ್ನ ಕೊನೇಗೆ ಇಟ್ಕೊಳಿ.

ನೋಡೋ ಕ್ರಮ ಕೇಳಿದ್ರಿ. ಭೂತಯ್ಯನ ಮಗ ಅಯ್ಯು, ಆಮೇಲೆ ತಿಥಿ, ಆಮೇಲೆ ಸಂಸ್ಕಾರ, ಆಮೇಲೆ ಘಟಶ್ರಾದ್ಧ. ಈ ನಾಲ್ಕು ಇದೇ ವರಸೇಲಿ ನೋಡಿದ್ರೆ ಪ್ರತಿಯೊಂದೂ ಮುಂದಿನದಕ್ಕೆ ನಿಮ್ಮನ್ನ ತಯಾರು ಮಾಡುತ್ತೆ, ಒಂದರ ಪ್ರಶ್ನೆ ತಲೇಲಿ ಇಟ್ಕೊಂಡು ಇನ್ನೊಂದಕ್ಕೆ ಹೋಗ್ತೀರ. ಮಧ್ಯೆ ಭಾನುವಾರ ಮನೆಯವ್ರ ಜೊತೆ ಕಸ್ತೂರಿ ನಿವಾಸ ಅಥವಾ ಶರಪಂಜರ.

ಮತ್ತೆ ದಯವಿಟ್ಟು ಟಿವಿ ಸೆಟ್ಟಿಂಗ್ ಸರಿ ಮಾಡ್ಕೊಳಿ. ಹೊಸ ಟಿವಿಗಳಲ್ಲಿ ಮೋಷನ್ ಸ್ಮೂದಿಂಗ್ ಅಂತ ಒಂದು ಇರುತ್ತೆ, ಬೇರೆ ಬೇರೆ ಕಂಪನಿ ಬೇರೆ ಬೇರೆ ಹೆಸರಿಟ್ಟಿರ್ತಾವೆ, ಅದು ಇಲ್ಲದ ಫ್ರೇಮ್‌ಗಳನ್ನ ತಾನೇ ಹುಟ್ಟಿಸಿ ಮಧ್ಯೆ ತುಂಬುತ್ತೆ, ಹಳೇ ಸಿನಿಮಾ ಸೀರಿಯಲ್ ಥರ ಕಾಣುತ್ತೆ, ಆಫ್ ಮಾಡಿ. ಹಳೇ ಚೌಕ ಫ್ರೇಮಿನ ಸಿನಿಮಾಗಳನ್ನ ಅಗಲಕ್ಕೆ ಎಳೆದು ಅಪ್‌ಲೋಡ್ ಮಾಡಿರೋ ಕಾಪಿಗಳು ಬೇಕಾದಷ್ಟಿವೆ, ಮುಖ ಎಲ್ಲ ಊದಿಕೊಂಡಿದ್ರೆ ಅದೇ ಸಮಸ್ಯೆ, ಸ್ಕ್ರೀನ್ ರೇಶಿಯೋ 4:3ಗೆ ಬದಲಾಯಿಸಿ ನೋಡಿ. ಸಾಧ್ಯ ಆದ್ರೆ ಇಯರ್‌ಫೋನ್ ಹಾಕ್ಕೊಳಿ, ಟಿವಿ ಸ್ಪೀಕರಲ್ಲಿ ಘಟಶ್ರಾದ್ಧದ ಸೌಂಡ್ ಅರ್ಧಕ್ಕರ್ಧ ಕೇಳಿಸಲ್ಲ. ಒಂದೂವರೆ ಸ್ಪೀಡಲ್ಲಂತೂ ನೋಡ್ಬೇಡಿ. ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ ನಿಮ್ಮ ಊರಲ್ಲೇ ಇದೆ, ಅಲ್ಲಿ ಯಾವಾಗ ಏನ್ ತೋರಿಸ್ತಾರೆ ಅಂತ ವಿಚಾರಿಸ್ತಾ ಇರಿ, ಇಂಥ ಸಿನಿಮಾನ ನಾಲ್ಕು ಜನದ ಮಧ್ಯೆ ಕತ್ತಲಲ್ಲಿ ಕೂತು ನೋಡಿದ್ರೆ ಅರ್ಧಕ್ಕೆ ಎದ್ದು ಬರೋ ಯೋಚನೆನೇ ಬರಲ್ಲ.